ಕಿವಿ ಬಿಲ್ಲೆ

ಪುಣೆಯಲ್ಲಿ ನೆಲೆಸಿ ಇಪ್ಪತ್ತೆರಡು ವರ್ಷವಾದರೂ ನಮ್ಮ ಸೊಸೈಟಿಯ ಮಂದಿಗೆ ನಾನು ಇನ್ನೂ ‘ಕಾನಡೀ ಕಾಕಾ’. ಬೆಳಗಿನ ವಾಕಿಂಗ್ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ ನಾನೇ. ಈ ಹಿರಿತನ ಮುಂದೆ ನನಗೇ ಮುಳುವಾಯಿತು, ಅದನ್ನು ಆಮೇಲೆ ಹೇಳುತ್ತೇನೆ. 2025ರ ಫೆಬ್ರುವರಿಯಲ್ಲಿ ಆ ಗುಂಪಿನ ಎಂಟು ಜನ, ನನ್ನ ಹೆಂಡತಿಯೂ ಸೇರಿ, ಗುಜರಾತಿಗೆ ಹನ್ನೊಂದು ದಿನದ ಸಫಾರಿಗೆ ಹೋದೆವು. ಹುಲಿ ನೋಡುವ ಮಾಮೂಲಿ ಪ್ರವಾಸವಲ್ಲ. ಗೈಡು ಕೊಟ್ಟ ಹಾಳೆಯಲ್ಲಿ ಹದಿನಾಲ್ಕು ಪ್ರಾಣಿಗಳ ಹೆಸರಿತ್ತು. ಕಾಡುಕತ್ತೆ, ಕತ್ತೆಕಿರುಬ, ಮರುಭೂಮಿಯ ನರಿ, ಮರುಭೂಮಿಯ ಬೆಕ್ಕು, ತರಕರಡಿ, ತೋಳ, ಸಿಂಹ, ಕಟ್ಟಕಡೆಗೆ ಕ್ಯಾರಕಲ್. ಪ್ರತಿ ಹೆಸರಿನ ಮುಂದೆ ಒಂದು ಖಾಲಿ ಚೌಕ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಟಿಕ್ ಹೊಡೆದವನಿಗೆ ಖಾಲಿ ಚೌಕ ಕಂಡರೆ ಕೈ ತುರಿಸುತ್ತದೆ.

ಮೊದಲ ಎರಡು ದಿನ ಕಛ್‌ನ ಚಿಕ್ಕ ರಣ. ಹೆಸರಿಗೆ ಚಿಕ್ಕದು, ಅಭಯಾರಣ್ಯದ ವಿಸ್ತಾರವೇ ಸುಮಾರು 4,950 ಚದರ ಕಿಲೋಮೀಟರ್. ಒಡೆದ ಮಣ್ಣು, ಅದರ ಮೇಲೆ ಉಪ್ಪಿನ ಬಿಳಿ, ದೂರದಲ್ಲಿ ನೀರಿನ ಹಾಗೆ ಕುಣಿಯುವ ಬಿಸಿಲು. ಇಲ್ಲಿನ ಕಾಡುಕತ್ತೆಗೆ ಗುಜರಾತಿಯಲ್ಲಿ ಘುಡ್‌ಖರ್ ಅನ್ನುತ್ತಾರೆ. ಕತ್ತೆ ಅನ್ನಲು ಮನಸ್ಸು ಬಾರದಷ್ಟು ಚೆಂದ, ಓಡತೊಡಗಿದರೆ ಜೀಪು ಹಿಂದೆ ಬೀಳುತ್ತದೆ. 1969ರ ಎಣಿಕೆಯಲ್ಲಿ ಬರೀ 362 ಉಳಿದಿದ್ದವಂತೆ, 2024ರಲ್ಲಿ 7,672. ಬ್ಯಾಂಕಿನವನಿಗೆ ಇಂಥ ಅಂಕಿ ಕೇಳಿದರೆ ಸಂತೋಷ. ಅದೇ ರಣದಲ್ಲಿ ಅಗರಿಯಾ ಜನ ವರ್ಷದಲ್ಲಿ ಏಳೆಂಟು ತಿಂಗಳು ಗುಡಿಸಲು ಹಾಕಿಕೊಂಡು, ನೆಲದಡಿಯ ಉಪ್ಪುನೀರು ಎತ್ತಿ, ಬರಿಗಾಲಲ್ಲಿ ಉಪ್ಪು ಬೆಳೆಯುತ್ತಾರೆ. ನಮ್ಮ ಜೀಪು ಅವರ ಗುಡಿಸಲುಗಳನ್ನು ದಾಟಿ ಹೋಗುವಾಗ ಎಲ್ಲರ ದುರ್ಬೀನೂ ಬೇರೆ ಕಡೆಗೇ ಇತ್ತು. ನನ್ನದೂ.

ಆಮೇಲೆ ಭುಜ್ ದಾಟಿ ಬನ್ನಿ ಹುಲ್ಲುಗಾವಲು, ಛಾರಿ ಢಂಢ್. ಮೂರು ರಾತ್ರಿ ಕ್ಯಾರಕಲ್ ಹುಡುಕಿದೆವು. ಇದಕ್ಕೆ ಪಾರ್ಸಿಯಲ್ಲಿ ಸಿಯಾಹ್‌ಗೋಶ್, ಅಂದರೆ ಕರಿಗಿವಿ. ಹಿಂದೆ ಬಾದಶಹರು ಇದನ್ನು ಪಳಗಿಸಿ ಬೇಟೆಗೆ ಬಿಡುತ್ತಿದ್ದರು, ಈಗ ಇಡೀ ದೇಶದಲ್ಲಿ ಐವತ್ತರ ಆಸುಪಾಸು ಇರಬಹುದೆಂಬ ಅಂದಾಜು. ಕಾಣಲಿಲ್ಲ. ಚಳಿಯಲ್ಲಿ ಮಂಕಿಕ್ಯಾಪ್ ಹಾಕಿ ಕೂತ ನನ್ನ ಹೆಂಡತಿ, “ಅಲ್ರೀ, ನಮ್ಮಂಥಾ ಎಂಟು ಮಂದೀನ ನೋಡಿ ಅದಽ ಓಡಿ ಹೋಗಿರಬೇಕು” ಅಂದಳು. ಗೀರ್‌ನಲ್ಲಿ ಸಿಂಹ ಸಿಕ್ಕಿತು. ಸುತ್ತ ಆರು ಜೀಪು, ನಡುವೆ ಮಲಗಿದ ಸಿಂಹ. ಆ ವರ್ಷ ಮೇ ತಿಂಗಳ ಲೆಕ್ಕದಲ್ಲಿ ಸಿಂಹಗಳ ಸಂಖ್ಯೆ 891ಕ್ಕೆ ಏರಿತ್ತೆಂದು ಆಮೇಲೆ ಪೇಪರಿನಲ್ಲಿ ಓದಿದೆ. ಅದಕ್ಕಿಂತ ಹೆಚ್ಚು ಬರೆಯುವಂಥದ್ದೇನೂ ಇಲ್ಲ.

ಕೊನೆಯ ಮೂರು ದಿನ ವೆಳಾವದರ. ಭಾವನಗರ ಜಿಲ್ಲೆ, ಖಂಭಾತ್ ಕೊಲ್ಲಿಯ ಹತ್ತಿರ. ಭಾವನಗರದ ಮಹಾರಾಜರು ಚಿರತೆಗಿಂತ ಸಪೂರವಾದ ಚೀತಾಗಳನ್ನು ಸಾಕಿ ಕೃಷ್ಣಮೃಗದ ಬೇಟೆ ಆಡಿಸುತ್ತಿದ್ದ ಹುಲ್ಲುಗಾವಲು. 1976ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಬರೀ 34 ಚದರ ಕಿಲೋಮೀಟರ್ ಅಷ್ಟೇ. ಬೀದರ್, ರಾಣೆಬೆನ್ನೂರು ಕಡೆ ಕೃಷ್ಣಮೃಗ ಕಂಡವರಿಗೆ ಅದೇನು ಹೊಸದಲ್ಲ, ಆದರೆ ಸಂಜೆಯ ಹೊಂಬಣ್ಣದ ಹುಲ್ಲಿನಲ್ಲಿ ನೂರಾರು ಒಟ್ಟಿಗೆ ಜಿಗಿಯುವುದನ್ನು ನೋಡಿದಾಗ ಯಾರೂ ಮಾತಾಡಲಿಲ್ಲ. ಕತ್ತೆಕಿರುಬಕ್ಕೂ ಟಿಕ್ ಬಿತ್ತು. ತೋಳ ಮಾತ್ರ ಇಲ್ಲ.

ಎರಡನೆಯ ದಿನ ಮಧ್ಯಾಹ್ನ ಗೈಡು ಗುಟ್ಟು ಹೇಳುವವನಂತೆ ಬಂದ. ಉದ್ಯಾನದ ಹೊರಗೆ, ಕಾಲುವೆ ಏರಿಯ ಬಳಿ, ಬಳ್ಳಾರಿ ಜಾಲಿಯ ಪೊದೆಯೊಳಗೆ ತೋಳದ ಗವಿ ಇದೆ, ಮರಿಗಳಿವೆ, ಒಬ್ಬ ಭರವಾಡ ಕುರಿಗಾಹಿ ತೋರಿಸುತ್ತಾನೆ. (ಆ ಜಾಲಿಗೆ ಅಲ್ಲಿ ‘ಗಾಂಡೋ ಬಾವಳ್’ ಅನ್ನುತ್ತಾರೆ, ಹುಚ್ಚು ಜಾಲಿ ಅಂತ. ನಮ್ಮ ಬಳ್ಳಾರಿಗೆ ಆದ ಅವಮಾನಕ್ಕಿಂತ ಇದು ವಾಸಿ.) ಉದ್ಯಾನದ ಒಳಗೆ ಜೀಪಿನಿಂದ ಇಳಿಯುವ ಹಾಗಿಲ್ಲ, ದಾರಿ ಬಿಡುವ ಹಾಗಿಲ್ಲ. ಹೊರಗೆ ಕೇಳುವವರು ಯಾರು? ಗುಂಪಿನಲ್ಲಿ ಇಬ್ಬರು, ಮರಿ ಇರುವಾಗ ಹೋಗುವುದು ಸರಿಯಲ್ಲ ಅಂದರು. ಉಳಿದವರು ಕ್ಯಾಮೆರಾ ಹೆಗಲಿಗೇರಿಸಿ ಆಗಿತ್ತು. ಗೈಡು ನನ್ನ ಕಡೆ ತಿರುಗಿ, “ಕಾಕಾ, ಆಪ್ ಬೋಲಿಯೆ” ಅಂದ. ನಾನು ಹೋಗೋಣ ಅಂದೆ.

ಯಾಕೆ ಹಾಗಂದೆ? ಹನ್ನೊಂದು ದಿನ, ಇಬ್ಬರಿಗೆ ಒಂದೂವರೆ ಲಕ್ಷ, ಕ್ಯಾರಕಲ್ ಬೇರೆ ತಪ್ಪಿತ್ತು. ಇಷ್ಟೇ ಕಾರಣ. ಈಗ ಎಷ್ಟು ಕೆದಕಿದರೂ ಇದಕ್ಕಿಂತ ದೊಡ್ಡ ಕಾರಣ ಸಿಗುವುದಿಲ್ಲ.

ಮಂಡಿನೋವಿನ ನೆಪ ಹೇಳಿ ಹೆಂಡತಿ ಜೀಪಿನಲ್ಲೇ ಉಳಿದಳು. ನಾವು ಏರಿಯ ಮರೆಯಲ್ಲಿ ಬಗ್ಗಿ ನಡೆದು ಸುಮಾರು ಐವತ್ತು ಹೆಜ್ಜೆ ದೂರದಲ್ಲಿ ಕೂತೆವು. ನಾಲ್ಕು ಮರಿ. ಕಂದು ಬಣ್ಣ, ದೊಡ್ಡ ತಲೆ, ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ಹತ್ತು ನಿಮಿಷದ ಮೇಲೆ ತಾಯಿ ಬಂತು. ಎಲ್ಲಿಂದ ಬಂತು ಅನ್ನುವುದು ಕಾಣಲಿಲ್ಲ, ಒಮ್ಮೆಲೇ ಅಲ್ಲಿ ನಿಂತಿತ್ತು. ಬಡಕಲು ಕಾಲು, ಜೋತ ಮೊಲೆ, ಹಳದಿ ಕಣ್ಣು. ನಮ್ಮನ್ನು ನೋಡಿತು. ಮರಿಗಳ ಕಡೆ ಒಂದು ಹೆಜ್ಜೆ ಇಟ್ಟು ನಿಂತಿತು, ಮತ್ತೆ ಹಿಂದೆ ಸರಿಯಿತು. ಹಾಗೇ ನಾಲ್ಕೈದು ಸಲ. ಹಾಲುಣಿಸಲು ಬಂದ ತಾಯಿ ತನ್ನ ಮನೆಗೆ ಹೋಗಲಾರದೆ ನಿಂತಿದೆ ಅನ್ನುವುದು ನನ್ನ ತಲೆಗೆ ಹೊಳೆದದ್ದು ಫೋಟೋ ತೆಗೆದಾದ ಮೇಲೆ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆ ನಮ್ಮ ಕಡೆ ಉಂಟಲ್ಲ, ಇಲ್ಲಿ ಆಳಿಗೊಂದು ಕ್ಯಾಮೆರಾ. ಕಲ್ಲಿಗಿಂತ ಕ್ಯಾಮೆರಾ ಮೇಲು ಅಂತ ಎದೆ ತಟ್ಟಿ ಹೇಳುವ ಧೈರ್ಯ ಆಗ ಬರಲಿಲ್ಲ.

ಮರಳಿ ಬಂದು ಕುರಿಗಾಹಿಗೆ ದುಡ್ಡು ಕೊಟ್ಟೆವು. ಬಿಳಿ ಬಟ್ಟೆ, ಕಿವಿಯಲ್ಲಿ ಕಡಕು, ನನ್ನಷ್ಟೇ ವಯಸ್ಸಿನವ. ಎರಡು ಸಲ ಎಣಿಸಿ ಗೈಡಿಗೆ ಏನೋ ಕೇಳಿದ. ಏನಂತೆ ಅಂದೆ. “ನಾಳೆಯೂ ಜನ ಬರುತ್ತಾರಾ ಅಂತ ಕೇಳ್ತಿದ್ದಾನೆ. ಈ ಚಳಿಗಾಲದಲ್ಲಿ ಇವನ ನಾಲ್ಕು ಕುರಿಮರಿ ಈ ‘ವರು’ ತಿಂದಿದೆಯಂತೆ.” ವರು ಅಂದರೆ ತೋಳ.

ನಾಲ್ಕು ಅಂದಾಗ ನನಗೆ 1987 ನೆನಪಾಯಿತು. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿ ಮೂರು ವರ್ಷ, ಆಗಿನ ರಾಯಚೂರು ಜಿಲ್ಲೆಯ, ಈಗ ಕೊಪ್ಪಳಕ್ಕೆ ಸೇರಿದ ಒಂದು ಹಳ್ಳಿಯ ಶಾಖೆ. ಐಆರ್‌ಡಿಪಿ ಯೋಜನೆಯಲ್ಲಿ ಕುರಿ ಸಾಲ ಕೊಡುತ್ತಿದ್ದೆವು, ಇಪ್ಪತ್ತು ಕುರಿ, ಒಂದು ಟಗರು. ಪ್ರತಿ ಕುರಿಗೂ ವಿಮೆ, ಪ್ರತಿ ಕಿವಿಗೂ ನಂಬರು ಹೊಡೆದ ಬಿಲ್ಲೆ. ಕುರಿ ಸತ್ತರೆ ಆ ಬಿಲ್ಲೆ ತಂದು ಕೊಡಬೇಕು. ಬಿಲ್ಲೆ ಇಲ್ಲ ಅಂದರೆ ಕ್ಲೇಮೂ ಇಲ್ಲ. ಒಬ್ಬ ಕುರುಬರ ಮುದುಕನ ನಾಲ್ಕು ಕುರಿ ಒಂದೂವರೆ ತಿಂಗಳಲ್ಲಿ ತೋಳದ ಪಾಲಾದವು. ಒಂದರ ತಲೆ ಹೊಲದಲ್ಲಿ ಸಿಕ್ಕಿತು, ಅದರ ಕ್ಲೇಮು ಪಾಸಾಯಿತು. ಉಳಿದ ಮೂರರ ಕಾಗದ ನಾನು ವಾಪಸು ಕೊಟ್ಟೆ. ಅವನು ಕೌಂಟರಿನ ಆಚೆ ನಿಂತು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: “ತ್ವಾಳ ಕಿವಿ ಬಿಟ್ಟು ಒಯ್ತೈತೇನ್ರೀ ಸಾಹೇಬ್ರ?”

ನಿಯಮ ದಡ್ಡತನದ್ದೇನೂ ಆಗಿರಲಿಲ್ಲ. ಸಂತೆಯಲ್ಲಿ ಕುರಿ ಮಾರಿ, ಕಿವಿ ಕೊಯ್ದು ಬಿಲ್ಲೆ ಸಮೇತ ತಂದು ‘ಸತ್ತಿತು’ ಅಂದವರನ್ನು ನಾನೇ ನೋಡಿದ್ದೆ. ಆದರೆ ಈ ಮುದುಕ ಸುಳ್ಳು ಹೇಳುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಇರುವ ಸೌಕರ್ಯವನ್ನು ನಿಯಮ ಕೊಟ್ಟಿತು. ಶಿಫಾರಸು ಬರೆದು ಮೇಲಿನವರಿಗೆ ಕಳಿಸಬಹುದಿತ್ತು. ಬರೆಯಲಿಲ್ಲ. ಮುಂದೆ ಅವನು ಕಂತು ಕಟ್ಟಲಾಗದೆ, ನಾನೇ ನೋಟೀಸಿಗೆ ಸಹಿ ಹಾಕಿದೆ.

ಆ ರಾತ್ರಿ ಲಾಡ್ಜಿನಲ್ಲಿ ನಿದ್ದೆ ಹತ್ತಲಿಲ್ಲ. ಹುಲಿ 2022ರ ಎಣಿಕೆಯಲ್ಲಿ 3,682, ತೋಳ ದೇಶದಲ್ಲಿ ಮೂರು ಸಾವಿರದ ಆಸುಪಾಸು. ಹುಲಿಯಂತೆ ಅದಕ್ಕೆ ದೊಡ್ಡ ಕಾಡಿಲ್ಲ, ಹೆಚ್ಚಿನವು ಬದುಕುವುದು ಹೊಲ, ಗೋಮಾಳ, ಬಂಜರಿನಲ್ಲಿ, ಕುರಿಯವರ ನಡುವೆಯೇ. ಅಂದರೆ ಈ ಪ್ರಾಣಿಯನ್ನು ಇಷ್ಟು ದಿನ ಉಳಿಸಿದ ಖರ್ಚನ್ನು ಕಟ್ಟುತ್ತ ಬಂದವರು ಕುರಿಗಾಹಿಗಳು. ರಸೀತಿ ಇಲ್ಲ, ಬಿಲ್ಲೆ ಇಲ್ಲ. ‘ಅಪರೂಪ’ ಅನ್ನುವ ಮಾತು ನಮ್ಮದು. ಅವರಿಗೆ ಅದು ಅಪರೂಪವಲ್ಲ, ವಾರಕ್ಕೊಮ್ಮೆ ಬರುವ ಸಾಲಗಾರ. ಸಿಟ್ಟು ಬಂದಾಗ ಗವಿಗೆ ಹೊಗೆ ಹಾಕಿ ಮರಿ ಕೊಂದವರೂ ಅವರಲ್ಲಿ ಇದ್ದಾರೆ. ಮೂರು ಕುರಿ ಕಳಕೊಂಡವನನ್ನು ನೋಟೀಸು ಕೊಟ್ಟ ನಾನು ಯಾವ ಬಾಯಲ್ಲಿ ಬೈಯಲಿ?

ಮೊದಲು ಒಂದು ಸಮಾಧಾನ ಹೇಳಿಕೊಂಡೆ. ನಾವು ಕೊಟ್ಟ ದುಡ್ಡಿನಿಂದ ಆ ಭರವಾಡನಿಗೆ ತೋಳ ಬದುಕಿರುವುದೇ ಲಾಭ, ಹೊಗೆ ಹಾಕಲಾರ. ನಮ್ಮ ಚಪಲವೇ ಅದಕ್ಕೆ ರಕ್ಷೆ. ಲೆಕ್ಕ ಚೆನ್ನಾಗಿ ಟ್ಯಾಲಿ ಆಯಿತು. ಟ್ಯಾಲಿ ಆದ ಲೆಕ್ಕವನ್ನೇ ಇನ್ನೊಮ್ಮೆ ನೋಡಬೇಕು ಎಂದು ನನಗೆ ಕಲಿಸಿದ ಹಿರಿಯ ಮ್ಯಾನೇಜರೊಬ್ಬರಿದ್ದರು. ಬೆಳಗಾಗುತ್ತಲೇ ಗೈಡಿನ ಫೋನು ಬಂತು. ಗವಿ ಖಾಲಿ. ತಾಯಿ ರಾತ್ರಿಯೇ ಮರಿಗಳನ್ನು ಬೇರೆಡೆ ಸಾಗಿಸಿದೆ. ನಾಲ್ಕು ಮರಿಯನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು, ನಾಯಿ ಇರುವ ಊರಿನ ಅಂಚಿನಲ್ಲಿ, ಕತ್ತೆಕಿರುಬ ತಿರುಗುವ ಬಯಲಿನಲ್ಲಿ. ನಾಲ್ಕೂ ದಾಟಿದವೋ ಇಲ್ಲವೋ. ಕುರಿಗಾಹಿಗೆ ಬೇರೆ ಪ್ರವಾಸಿಗಳಿಂದ ಬರಬೇಕಿದ್ದ ದುಡ್ಡೂ ಹೋಯಿತು, ಕುರಿಮರಿ ಹೇಗೂ ಹೋಗಿತ್ತು. ಮುಂದಿನ ಗವಿ ಕಂಡಾಗ ಅವನು ಗೈಡಿಗೆ ಫೋನು ಮಾಡುತ್ತಾನೋ, ಸೌದೆ ಹೊರುತ್ತಾನೋ?

ನೋಡುವುದರಲ್ಲಿ ಏನು ತಪ್ಪು, ನೋಡದಿದ್ದರೆ ಪ್ರೀತಿ ಹುಟ್ಟುವುದು ಹೇಗೆ ಎಂದು ಗುಂಪಿನಲ್ಲಿ ಒಬ್ಬರು ವಾದಿಸಿದರು. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೊಪ್ಪಳ ಸೀಮೆಯಲ್ಲಿ ಮೂರು ವರ್ಷ ಇದ್ದೂ ನಾನು ತೋಳ ನೋಡಿರಲಿಲ್ಲ, ಅದು ನನಗೆ ಕ್ಲೇಮ್ ಫಾರ್ಮಿನ ‘ಸಾವಿನ ಕಾರಣ’ ಎಂಬ ಕಾಲಮ್ಮಿನ ಒಂದು ಶಬ್ದವಾಗಿತ್ತು. ಇಂದು ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಆಗಿದೆ ಎಂದು ಕೇಳಿದರೆ ಮನಸ್ಸು ಅತ್ತ ಹರಿಯುತ್ತದೆ, ಆ ಹಳದಿ ಕಣ್ಣು ಕಂಡದ್ದರಿಂದಲೇ. ಆದರೆ ಪ್ರೀತಿ ನನಗೆ ಹುಟ್ಟಿತು, ಮನೆ ಬಿಟ್ಟದ್ದು ಅದು. ಐವತ್ತು ಹೆಜ್ಜೆಯ ಬದಲು ಐನೂರು ಹೆಜ್ಜೆ ದೂರ ನಿಂತಿದ್ದರೆ? ದುರ್ಬೀನು ಇತ್ತಲ್ಲ. ಕಾಣುತ್ತಿತ್ತು, ಫೋಟೋ ಮಾತ್ರ ಬರುತ್ತಿರಲಿಲ್ಲ. 1987ರಲ್ಲೂ ಹೀಗೇ ಒಂದು ನಡುದಾರಿ ಇತ್ತು, ಒಂದು ಪುಟದ ಶಿಫಾರಸು. ಎರಡೂ ಸಲ ನನ್ನನ್ನು ಕೇಳುವವರು ಯಾರೂ ಇರಲಿಲ್ಲ, ಎರಡೂ ಸಲ ನಿರ್ಧಾರ ನನ್ನ ಕೈಯಲ್ಲಿತ್ತು.

ಹೆಂಡತಿಗೆ ಇದೆಲ್ಲ ಹೇಳಿದಾಗ, “ಅವತ್ತಽ ಬ್ಯಾಡ ಅನ್ನಬೇಕಿತ್ತು ನೀವು, ಕಾಕಾ ಅಂದ್ರ ಉಬ್ಬಿ ಹೋದ್ರಿ” ಅಂದಳು. ನೀನು ಯಾಕೆ ಹೇಳಲಿಲ್ಲ ಅಂದೆ. “ನನ್ನ ಕೇಳಿದ್ರೇನು?” ಅಂದಳು.

ಮೊನ್ನೆ ಡಿಸೆಂಬರಿನಲ್ಲಿ ಗೈಡಿನ ಮೆಸೇಜು ಬಂತು. ಹೊಸ ಸೀಜನ್ನು, ಹೊಸ ಗವಿ, ತೋಳ ಖಾತ್ರಿ, ಹಳೆಯ ಅತಿಥಿಗಳಿಗೆ ರಿಯಾಯಿತಿ. ಗವಿಯಿಂದ ಎಷ್ಟು ದೂರ ನಿಲ್ಲಿಸುತ್ತೀ, ಕುರಿಗಾಹಿಗೆ ಇದರಲ್ಲಿ ಎಷ್ಟು ಪಾಲು ಎಂದು ಕೇಳಿ ಬರೆದೆ. ಕೈಮುಗಿದ ಎರಡು ಚಿತ್ರ, ಒಂದು ಹೆಬ್ಬೆರಳಿನ ಚಿತ್ರ ಬಂತು. ಮತ್ತೆ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.