ದಂಡಧರನಿಗೂ ದಂಡ

ಭಾರತೀಯ ರಾಜಧರ್ಮ ಚಿಂತನೆಯಲ್ಲಿ ದಂಡವೆಂದರೆ ಕೇವಲ ಶಿಕ್ಷೆಯಲ್ಲ. ಬಲ್ಲಿದನು ಬಡವನನ್ನು ನುಂಗುವ ಮತ್ಸ್ಯನ್ಯಾಯವನ್ನು ತಡೆಯುವುದಕ್ಕಾಗಿ ಆಳುವವನ ಕೈಯಲ್ಲಿರಿಸಿದ ಬಲಪ್ರಯೋಗದ ಅಧಿಕಾರ. ಆ ಅಧಿಕಾರವೇ ನಿಸ್ಸಹಾಯಕನ ಮೇಲೆ ಎರಗಿದಾಗಲೂ ಅದನ್ನು ದಂಡವೆನ್ನಬಹುದೇ ಎಂಬುದು ಧರ್ಮಜಿಜ್ಞಾಸೆಯ ಹಳೆಯ ಪ್ರಶ್ನೆ. ಧರ್ಮ ತಪ್ಪಿದ ಅರಸನನ್ನು ದಂಡವೇ ಬಂಧುಗಳ ಸಮೇತ ನಾಶಮಾಡುತ್ತದೆಂದು ಮನುಸ್ಮೃತಿ ಎಚ್ಚರಿಸುತ್ತದೆ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಈ ಎಚ್ಚರಿಕೆಯನ್ನು ಕಾನೂನಾಗಿಸುತ್ತದೆ. ತಪ್ಪೊಪ್ಪಿಸಲು ಹಿಂಸೆಯನ್ನು ಒಪ್ಪುವ ಇದೇ ಗ್ರಂಥವು, ಪ್ರಜಾಪೀಡಕರ ನಿಗ್ರಹವನ್ನು ವಿವರಿಸುವ ‘ಕಂಟಕಶೋಧನ’ವೆಂಬ ಅಧಿಕರಣದಲ್ಲಿ, ಬಂದಿಯ ಅನ್ನನೀರು ತಡೆದ ಸೆರೆಮನೆಯ ಅಧ್ಯಕ್ಷನಿಗೆ 96 ಪಣ, ಬಂದಿಯನ್ನು ಕೊಂದವನಿಗೆ 1000 ಪಣ ದಂಡ ವಿಧಿಸುತ್ತದೆ. ಹಿಂಸೆಗೆ ಎಡೆಗೊಟ್ಟ ರಾಜ್ಯವ್ಯವಸ್ಥೆಯೂ ಅಧಿಕಾರಿಯನ್ನು ಪ್ರಶ್ನಾತೀತನೆಂದು ಭಾವಿಸಲಿಲ್ಲ.

ತುರ್ತುಪರಿಸ್ಥಿತಿಯ ಕಾಲದಲ್ಲಿ ಈ ವಿವೇಕವೂ ಉಳಿಯಲಿಲ್ಲ. 1976ರ ಮೇ ತಿಂಗಳಲ್ಲಿ, ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಬಾಯಿಬಿಡಿಸಲು ಬೆಂಗಳೂರಿನ ಪೊಲೀಸರು ಅವರ ತಮ್ಮ ಲಾರೆನ್ಸರನ್ನು ಹಿಡಿದೊಯ್ದು ಚಿತ್ರಹಿಂಸೆ ಕೊಟ್ಟರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ತೀವ್ರ ಅಸ್ತಮಾದಿಂದ ಬಳಲುತ್ತ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ತಿಂಗಳುಗಟ್ಟಲೆ ಇದ್ದು, 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಕಲ್ಲೆಸೆಯುವ ಗುಂಪಿನೆದುರು ಪೊಲೀಸರ ಪ್ರಾಣವೂ ಅಪಾಯದಲ್ಲಿರುತ್ತದೆಂಬ ವಾದವನ್ನು ತಳ್ಳಿಹಾಕಲಾಗದು. ಬೀದಿಯಲ್ಲಿ ಆ ಕಲ್ಲನ್ನು ತಡೆಯಲು ಅಗತ್ಯವಿರುವಷ್ಟು ಬಲಪ್ರಯೋಗ ನ್ಯಾಯವೇ. ಆದರೆ ಪ್ರತಿಭಟನಕಾರನನ್ನು ಠಾಣೆಯೊಳಗೆ ಕೂರಿಸಿ ಬಾಗಿಲು ಹಾಕಿದ ಮೇಲೆ ತಡೆಯಬೇಕಾದ ಅಪಾಯ ಉಳಿದಿರುವುದಿಲ್ಲ. ಅವನ ಅನ್ನ, ನೀರು, ಔಷಧಗಳೆಲ್ಲ ರಾಜ್ಯದ ಹೊಣೆಯಾಗಿರುತ್ತವೆ. ಆದ್ದರಿಂದ ಅಲ್ಲಿ ಬೀಳುವ ಏಟು ದಂಡವಲ್ಲ, ತನ್ನ ಕೈಗೊಪ್ಪಿಸಿದ ಜೀವಕ್ಕೆ ಬಗೆದ ದ್ರೋಹ.

ಬಂಧನದ ದಿನಾಂಕ, ಸಮಯಗಳನ್ನು ನಮೂದಿಸಿದ ಪತ್ರಕ್ಕೆ ಸಾಕ್ಷಿಯ ಸಹಿ ಪಡೆಯಬೇಕು, ಬಂಧುಗಳಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕು ಎಂದು ಸುಪ್ರೀಂ ಕೋರ್ಟು 1996ರ ಡಿ.ಕೆ. ಬಸು ತೀರ್ಪಿನಲ್ಲಿ ವಿಧಿಸಿತು. ಭಾರತವು 1997ರಲ್ಲಿ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಸಹಿ ಹಾಕಿದರೂ ಅದನ್ನು ಅನುಮೋದಿಸಿಲ್ಲ. ಆ ಅನುಮೋದನೆ, ಚಿತ್ರಹಿಂಸೆಗೆಂದೇ ಪ್ರತ್ಯೇಕ ಕಾನೂನು, ಇಲಾಖೆಯ ಹಿಡಿತಕ್ಕೆ ಸಿಗದ ತನಿಖೆ, ಇವು ಬಂದಿಗೆ ತೋರುವ ಕರುಣೆಯಲ್ಲ. ರಾಜ್ಯವು ದಂಡವನ್ನು ಹಿಡಿಯಲು ಪಡೆಯಬೇಕಾದ ಅರ್ಹತೆ.