ಯಾರೂ ಒಪ್ಪಿಕೊಳ್ಳದ ಅಮಾನತ್

ಕನ್ನಡ ಪತ್ರಿಕೆಗಳಲ್ಲಿ 'ಅಮಾನತು' ಎಂದರೆ ತಪ್ಪು ಮಾಡಿದ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ಹೊರಗಿಡುವುದು. ಉರ್ದು ಶಾಲೆಯಲ್ಲಿ ನಾವು ಕಲಿತ ಅಮಾನತ್ ಬೇರೆಯದು. ಹಜ್ಜಿಗೆ ಹೊರಟ ನೆರೆಯವರು ಒಡವೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, 'ನಾವು ಬರುವ ತನಕ ಇದು ನಿಮ್ಮಲ್ಲಿರಲಿ' ಎಂದು ಕೊಟ್ಟು ಹೋದರೆ ಅದು ಅಮಾನತ್. ಪಡೆದವರು ಅದನ್ನು ಬಳಸುವಂತಿಲ್ಲ, ಅಡವಿಡುವಂತಿಲ್ಲ, ಕೇಳಿದ ದಿನ ಇದ್ದಂತೆಯೇ ಮರಳಿಸಬೇಕು. ಆದರೆ ಇದಕ್ಕೆಲ್ಲ ಮೊದಲು ಒಂದು ಷರತ್ತಿದೆ. ಪಡೆಯುವವರು 'ಆಗಲಿ' ಎನ್ನಬೇಕು. ಹಾಗೆನ್ನದವರ ಅಂಗಳಕ್ಕೆ ಕತ್ತಲಲ್ಲಿ ಗಂಟು ಎಸೆದು ಹೋದರೆ ಅದನ್ನು ಅಮಾನತ್ ಎನ್ನಲು ಬರುವುದಿಲ್ಲ. ಗಂಟಿನಲ್ಲಿರುವುದು ಒಡವೆಯಲ್ಲ, ವಿಷ ಎಂದಾದರೆ ಅದಕ್ಕೆ ಏನೆನ್ನಬೇಕು?

ಅಣು ವಿದ್ಯುತ್ತಿನ ತ್ಯಾಜ್ಯವನ್ನು ನೆಲದ ಆಳದಲ್ಲಿ ಹೂಳುವ ವಿಚಾರವನ್ನು ಓದುತ್ತಿದ್ದಾಗ ಈ ಪ್ರಶ್ನೆ ನಮ್ಮನ್ನು ಕಾಡತೊಡಗಿತು. ಈ ತ್ಯಾಜ್ಯದಲ್ಲಿರುವ ಸೀಸಿಯಂ-137 ಅರ್ಧಕ್ಕೆ ಇಳಿಯಲು 30 ವರ್ಷ ಸಾಕು. ಪ್ಲುಟೋನಿಯಂ-239ಕ್ಕೆ 24 ಸಾವಿರ ವರ್ಷ ಬೇಕು. ದೀಪ ಉರಿಸಿಕೊಂಡವರು ಎರಡು ಮೂರು ತಲೆಮಾರಿನವರು. ಗಂಟು ಯಾರ ಪಾಲಿಗೆ ಹೋಗುತ್ತದೋ ಅವರಿನ್ನೂ ಹುಟ್ಟಿಲ್ಲ. ಅವರ ಒಪ್ಪಿಗೆ ಕೇಳುವ ದಾರಿಯೇ ಇಲ್ಲ. ಹಾಗಿದ್ದ ಮೇಲೆ ಕೊಡುವವರ ಮೇಲೆ, ನಡುವೆ ನಿಂತು ಕಾಯುವವರ ಮೇಲೆ ಯಾವ ಹೊಣೆ ಉಳಿಯುತ್ತದೆ?

ಉತ್ತರ ಹುಡುಕಲು ಜರ್ಮನಿಗೆ ಹೋಗಬೇಕು. ಅಲ್ಲಿನ ಕೆಳ ಸ್ಯಾಕ್ಸನಿ ರಾಜ್ಯದಲ್ಲಿ ರೆಮ್ಲಿಂಗನ್ ಎಂಬ ಹಳ್ಳಿಯ ಪಕ್ಕ ಆಸ್ಸೆ ಎಂಬ ಕಾಡುಗುಡ್ಡವಿದೆ. ಅದರ ಒಡಲಲ್ಲಿ ಉಪ್ಪು. 1909ರಿಂದ 1964ರವರೆಗೆ ಅಲ್ಲಿ ಉಪ್ಪು ತೆಗೆದರು. ಗಣಿ ಮುಚ್ಚಿದ ಮೇಲೆ ಸರಕಾರ ಅದನ್ನು ಸಂಶೋಧನೆಗೆಂದು ಕೊಂಡುಕೊಂಡಿತು. 1967ರಿಂದ 1978ರವರೆಗೆ ಸುಮಾರು 1 ಲಕ್ಷ 26 ಸಾವಿರ ಡ್ರಮ್ಮು, ಪೆಟ್ಟಿಗೆಗಳು ಆ ಗಣಿಗೆ ಇಳಿದವು. ಹೆಚ್ಚಿನವು 750 ಮೀಟರ್ ಆಳದ ಕೋಣೆಗಳಲ್ಲಿವೆ. ಮೊದಮೊದಲು ಡ್ರಮ್ಮುಗಳನ್ನು ಸಾಲಾಗಿ ಜೋಡಿಸಿಡುತ್ತಿದ್ದರು. ಆಮೇಲೆ ಯಂತ್ರದಿಂದ ಇಳಿಜಾರಿಗೆ ಉರುಳಿಸಿ ಮೇಲೆ ಉಪ್ಪು ಸುರಿಯತೊಡಗಿದರು. ಕಾಗದದಲ್ಲಿ ಇದರ ಹೆಸರು 'ಸಂಶೋಧನೆ'. ನಡೆದದ್ದು ವಿಲೇವಾರಿ.

ಉಪ್ಪನ್ನೇ ಆರಿಸಿಕೊಂಡದ್ದಕ್ಕೆ ಒಂದು ತರ್ಕವಿತ್ತು. ಉಪ್ಪು ನೀರಿನಲ್ಲಿ ಕರಗುವ ವಸ್ತು. ಕೋಟ್ಯಂತರ ವರ್ಷಗಳಿಂದ ಅದು ಅಲ್ಲಿ ಉಳಿದಿದೆ ಎಂದರೆ ನೀರು ಅಲ್ಲಿಗೆ ಬಂದಿಲ್ಲ, ಇನ್ನೂ ಬರುವುದಿಲ್ಲ. ಮನುಷ್ಯ ಕೈಹಾಕದ ಉಪ್ಪಿನ ಮಟ್ಟಿಗೆ ಈ ಮಾತು ಸರಿ. ಆದರೆ ಈ ಉಪ್ಪನ್ನು ಅರ್ಧ ಶತಮಾನ ಅಗೆದು ಜೇನುಹುಟ್ಟಿನಂತೆ ಟೊಳ್ಳು ಮಾಡಲಾಗಿತ್ತು. ಅದೇ ಗುಡ್ಡದ ಇನ್ನೊಂದು ಗಣಿ 1906ರಲ್ಲೇ ನೀರು ನುಗ್ಗಿ ಮುಳುಗಿತ್ತು. ಗುಡ್ಡ ಮೊದಲೇ ಸಾಕ್ಷಿ ಹೇಳಿತ್ತು, ಕೇಳುವವರು ಕೇಳಲಿಲ್ಲ.

1988ರಿಂದ ಗಣಿಯೊಳಗೆ ಉಪ್ಪುನೀರು ಒಸರತೊಡಗಿತು. ದಿನಕ್ಕೆ ಸುಮಾರು 12 ಸಾವಿರ ಲೀಟರ್, ಎಂದರೆ ನಮ್ಮ ಬೀದಿಗೆ ಬರುವ ಎರಡು ಮೂರು ನೀರಿನ ಟ್ಯಾಂಕರಿನಷ್ಟು. ಅದನ್ನು ಒಳಗೇ ಹಿಡಿದು, ಅಳೆದು, ಪರೀಕ್ಷಿಸಿ ಮೇಲಕ್ಕೆ ಎತ್ತಬೇಕಾಯಿತು. ಅಲ್ಲಿ ಮಾಪಕಗಳಿದ್ದವು, ದಾಖಲೆ ಬರೆಯುವವರಿದ್ದರು. ಕೋಣೆಗಳ ಸಮೀಪದ ಉಪ್ಪುನೀರಿನಲ್ಲಿ ಸೀಸಿಯಂ ಬೆರೆತಿರುವುದು ಒಳಗಿನವರಿಗೆ ವರ್ಷಗಳ ಮೊದಲೇ ಗೊತ್ತಿತ್ತು. ಗುಡ್ಡದ ಕೆಳಗಿನ ಹಳ್ಳಿಗರಿಗೆ, ದೇಶಕ್ಕೆ ಅದು ತಿಳಿದದ್ದು 2008ರಲ್ಲಿ. ದೊಡ್ಡ ಗದ್ದಲವಾಯಿತು. 2009ರ ಜನವರಿಯಲ್ಲಿ ಗಣಿಯ ಹೊಣೆ ವಿಕಿರಣ ಸುರಕ್ಷತೆಯ ಸರಕಾರಿ ಇಲಾಖೆಗೆ ಹೋಯಿತು. ಅದೇ ವರ್ಷ ಹಳೆಯ ಕಡತಗಳನ್ನು ತಿರುವಿ ನೋಡಿದಾಗ, 9 ಕಿಲೋ ಎಂದು ಹೇಳುತ್ತಾ ಬಂದಿದ್ದ ಪ್ಲುಟೋನಿಯಂ ವಾಸ್ತವವಾಗಿ 28 ಕಿಲೋ ಎಂದು ತಿಳಿಯಿತು.

ನಮ್ಮನ್ನು ಹೆಚ್ಚು ಕಲಕಿದ್ದು ಒಸರಿದ ನೀರಲ್ಲ, ಈ ಲೆಕ್ಕ. ನೀರು ಪ್ರಕೃತಿಯದು, ಅದಕ್ಕೆ ದಾರಿ ಕಂಡಲ್ಲಿ ಹರಿಯುತ್ತದೆ. ಇಪ್ಪತ್ತೆಂಟನ್ನು ಒಂಬತ್ತೆಂದೇ ಹೇಳಿಕೊಂಡು ಬಂದದ್ದು ಮನುಷ್ಯ. ನಿಗಾ ಎಂದರೆ ಉಪಕರಣದ ಕೆಲಸ ಎಂದು ನಾವು ತಿಳಿದಿರುತ್ತೇವೆ. ಬಂಡೆ ಎಷ್ಟು ಮಿಲಿಮೀಟರ್ ಜರುಗಿತು, ಎಲ್ಲಿ ಸಣ್ಣಗೆ ಬಿರುಕು ಬಿಟ್ಟ ಸದ್ದು ಕೇಳಿತು, ನೀರಿನ ಒತ್ತಡ ಎಷ್ಟು, ಹೊರಹೋಗುವ ಗಾಳಿಯಲ್ಲಿ ಏನಿದೆ ಎಂಬುದನ್ನು ಉಪಕರಣ ತಪ್ಪದೆ ಹೇಳೀತು. ಅದು ಕಂಡದ್ದನ್ನು ಹೇಳುತ್ತದೆ, ಆದರೆ ಯಾರಿಗೆ ಹೇಳಬೇಕೆಂದು ಅದಕ್ಕೆ ಗೊತ್ತಿಲ್ಲ. ಸಂಬಳ ಕೊಡುವವರಿಗೆ ಇಷ್ಟವಾಗದ ಅಂಕಿಯನ್ನು ಹಳ್ಳಿಯವರ ಮುಂದಿಡುವುದು ಸಾಕ್ಷಿಯ ಕೆಲಸ. ಸಾಕ್ಷಿಯನ್ನು ಬಚ್ಚಿಡುವುದು ಸುಳ್ಳು ಸಾಕ್ಷಿ ಹೇಳುವಷ್ಟೇ ದೊಡ್ಡ ತಪ್ಪೆಂದು ನಮಗೆ ಮದ್ರಸದಲ್ಲೇ ಕಲಿಸಿದ್ದರು. ಆಗ ಅದು ಕೋರ್ಟು ಕಚೇರಿಗೆ ಸಂಬಂಧಿಸಿದ ಮಾತೆಂದುಕೊಂಡಿದ್ದೆವು.

ಉಪಕರಣ ತನ್ನ ಪಾಲಿನ ಕೆಲಸ ಮಾಡಿದ ಉದಾಹರಣೆಯೂ ಇದೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಕಾರ್ಲ್ಸ್‌ಬ್ಯಾಡ್ ಬಳಿ, 655 ಮೀಟರ್ ಆಳದ ಉಪ್ಪಿನ ಪದರದಲ್ಲಿ, ಅಣ್ವಸ್ತ್ರ ತಯಾರಿಕೆಯ ತ್ಯಾಜ್ಯವನ್ನು 1999ರಿಂದ ಇಡುತ್ತಿದ್ದಾರೆ. 2014ರ ಫೆಬ್ರವರಿ 14ರ ರಾತ್ರಿ ಅಲ್ಲೊಂದು ಡ್ರಮ್ಮು ಒಡೆಯಿತು. ಗಣಿಯಲ್ಲಿ ಆಗ ಯಾರೂ ಇರಲಿಲ್ಲ. ಗಾಳಿಯನ್ನು ಪರೀಕ್ಷಿಸುವ ಯಂತ್ರ ಕೂಗಿಕೊಂಡಿತು, ಹೊರಹೋಗುವ ಗಾಳಿ ತಾನಾಗಿ ಶೋಧಕಗಳ ಕಡೆಗೆ ತಿರುಗಿತು. ಆದರೂ ಸ್ವಲ್ಪ ವಿಕಿರಣ ಹೊರಬಿತ್ತು, ಇಪ್ಪತ್ತಕ್ಕೂ ಹೆಚ್ಚು ಕೆಲಸಗಾರರ ಮೈಯಲ್ಲಿ ಅದರ ಅಲ್ಪ ಅಂಶ ಕಂಡಿತು. ಕಾರಣ ಹುಡುಕಿದರೆ, ತ್ಯಾಜ್ಯದ ತೇವ ಹೀರಲೆಂದು ಡ್ರಮ್ಮಿಗೆ ಹಾಕಿದ ಪುಡಿ. ಬೆಕ್ಕು ಸಾಕುವವರು ಅದರ ಮಲಮೂತ್ರಕ್ಕೆ ಹಾಸುವ ಪುಡಿಯದು. ಜೇಡಿಮಣ್ಣಿನ ಬಗೆಯದನ್ನು ಹಾಕುವ ಬದಲು ಧಾನ್ಯದಿಂದ ಮಾಡಿದ್ದನ್ನು ಹಾಕಿದ್ದರು, ಅದು ಒಳಗಿನ ನೈಟ್ರೇಟಿನೊಂದಿಗೆ ಸೇರಿ ಕಾವೇರಿತು. ಕಥೆಯಲ್ಲಿ ಹೀಗೆ ಬರೆದಿದ್ದರೆ ಸಂಪಾದಕರು ಅಸಹಜ ಎಂದು ಹಿಂದಿರುಗಿಸುತ್ತಿದ್ದರು. ಆ ಜಾಗ ಮತ್ತೆ ತೆರೆಯಲು ಸುಮಾರು ಮೂರು ವರ್ಷ ಹಿಡಿಯಿತು.

ಅಮೆರಿಕದ ಪರಿಸರ ನಿಯಮದಲ್ಲಿ ಒಂದು ಪ್ರಾಮಾಣಿಕ ಮಾತಿದೆ. ಇಂಥ ಜಾಗ 10 ಸಾವಿರ ವರ್ಷ ಸುರಕ್ಷಿತವೆಂದು ತೋರಿಸಬೇಕು, ಆದರೆ ಆ ಲೆಕ್ಕದಲ್ಲಿ ಮನುಷ್ಯರ ಕಾವಲನ್ನು 100 ವರ್ಷಕ್ಕಿಂತ ಹೆಚ್ಚು ನಂಬುವಂತಿಲ್ಲ. ಅಂದರೆ ಉಳಿದ 9,900 ವರ್ಷ ಅಲ್ಲಿ ಕಾವಲುಗಾರನಿಲ್ಲ ಎಂದು ಕಾನೂನೇ ಒಪ್ಪಿಕೊಂಡಿದೆ.

ನೂರು ವರ್ಷವೂ ಹೆಚ್ಚೆಂದು ನಮಗೆ ಒಮ್ಮೊಮ್ಮೆ ಅನ್ನಿಸುತ್ತದೆ. ನಮ್ಮ ಊರಿನ ಖಬರಸ್ಥಾನದ ವಕ್ಫ್ ಪತ್ರ ಫಾರ್ಸಿಯಲ್ಲಿದೆ. ಅಜ್ಜ ಅದನ್ನು ಓದಿ ಅರ್ಥ ಹೇಳುತ್ತಿದ್ದರು. ಅಬ್ಬಾ ಅಕ್ಷರ ಕೂಡಿಸಿ ಓದುತ್ತಿದ್ದರು, ಅರ್ಥ ಅರ್ಧ ತಿಳಿಯುತ್ತಿತ್ತು. ಉರ್ದು ಕಲಿತ ನಮಗೆ ಅಲ್ಲೊಂದು ಇಲ್ಲೊಂದು ಪದ ಸಿಗುತ್ತದೆ. ನಮ್ಮ ಮಕ್ಕಳಿಗೆ ಅದು ಬರಿಯ ಗೀಚು. ವಕ್ಫ್ ಕಿಯಾಮತ್ ದಿನದವರೆಗೆ ಉಳಿಯಬೇಕಾದದ್ದು, ಇನ್ನೂ ಹುಟ್ಟದವರ ಹೆಸರಿಗೂ ಸೇರಿದ್ದು. ಅದನ್ನು ಕಾಯಲು ಮುತವಲ್ಲಿ ಇರುತ್ತಾನೆ. ಎಷ್ಟು ಮುತವಲ್ಲಿಗಳು ಕಾದರು, ಎಷ್ಟು ಮಂದಿ ತಾವೇ ನುಂಗಿದರು ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಗೋರಿಗಳಿರುವ, ಜನ ವಾರವಾರ ಬಂದು ಫಾತಿಹಾ ಓದುವ ಜಾಗದ ಗಡಿಯೇ ಮೂರು ತಲೆಮಾರಿನಲ್ಲಿ ಮಸುಕಾದರೆ, ಯಾರಿಗೂ ಕಾಣದ ಗಣಿಯ ಗಡಿಯನ್ನು ನೆನಪಿಡುವವರು ಯಾರು? 1993ರಲ್ಲಿ ಅಮೆರಿಕದವರು ಭಾಷಾಶಾಸ್ತ್ರಜ್ಞರು, ಮಾನವಶಾಸ್ತ್ರಜ್ಞರನ್ನು ಕೂರಿಸಿ, ಮುಂದಿನವರಿಗೆ 'ಇಲ್ಲಿ ಅಗೆಯಬೇಡಿ' ಎಂದು ತಿಳಿಸುವ ಗುರುತು ಹೇಗಿರಬೇಕೆಂದು ವರದಿ ಬರೆಸಿದರು. ನಮ್ಮ ಹಲ್ಮಿಡಿ ಶಾಸನಕ್ಕೆ ಸುಮಾರು ಒಂದೂವರೆ ಸಾವಿರ ವರ್ಷ. ಅದೂ ಕನ್ನಡವೇ, ಆದರೂ ಪಂಡಿತರ ನೆರವಿಲ್ಲದೆ ನಮಗೆ ಒಂದು ಸಾಲೂ ದಕ್ಕುವುದಿಲ್ಲ.

ಹಾಗಾದರೆ ಭದ್ರವಾಗಿ ಮುಚ್ಚಿ ಮರೆತುಬಿಡುವುದೇ ಮೇಲು ಎನ್ನುವವರಿದ್ದಾರೆ. ಫಿನ್ಲೆಂಡಿನಲ್ಲಿ 400 ಮೀಟರಿಗೂ ಆಳದ ಹಳೆಯ ಶಿಲೆಯಲ್ಲಿ ಇದೇ ನಂಬಿಕೆಯಿಂದ ಸುರಂಗ ಕೊರೆದಿದ್ದಾರೆ. ತ್ಯಾಜ್ಯಕ್ಕೆ ತಾಮ್ರದ ಕೋಶ, ಅದರ ಸುತ್ತ ನೀರು ತಾಗಿದರೆ ಉಬ್ಬುವ ಜೇಡಿ, ಕೊನೆಗೆ ಬಾಯಿ ಮುಚ್ಚುವುದು. ಕಾವಲು ಬೇಡದ ಹಾಗೆ ಕಟ್ಟಬೇಕು, ಮೊಮ್ಮಕ್ಕಳ ಹೆಗಲಿಗೆ ಚೌಕಿದಾರಿಕೆ ಹೊರಿಸಬಾರದು ಎಂಬುದು ಅವರ ವಾದ. ಇದನ್ನು ತಳ್ಳಿಹಾಕಲಾರೆವು, ಅದರಲ್ಲೊಂದು ದಯೆ ಇದೆ. ಫ್ರಾನ್ಸಿನ 2006ರ ಕಾನೂನು ಬೇರೆ ಹೇಳುತ್ತದೆ. ಕನಿಷ್ಠ 100 ವರ್ಷ ಮನಸ್ಸು ಬದಲಾಯಿಸಲು, ಇಟ್ಟದ್ದನ್ನು ತೆಗೆಯಲು ದಾರಿ ಇರಬೇಕು. ಇವೆರಡರ ನಡುವೆ ಎಂಜಿನಿಯರುಗಳನ್ನು ಕಾಡುವ ತೊಡಕೊಂದಿದೆ. ಮುಚ್ಚಿದ ಗೋಡೆಯಾಚೆ ಏನಾಗುತ್ತಿದೆ ಎಂದು ತಿಳಿಯಲು ತಂತಿ ಎಳೆದರೆ ಅದೇ ತಂತಿಯ ಗುಂಟ ನೀರಿಗೆ ದಾರಿಯಾಗಬಹುದು. ತಂತಿಯಿಲ್ಲದೆ ಬಂಡೆಯ ಮೂಲಕ ಸಂಕೇತ ಕಳಿಸುವ ಉಪಕರಣ ಮಾಡಿದರೆ ಅದರ ಬ್ಯಾಟರಿಗೆ ಆಯುಷ್ಯ ಕಡಿಮೆ. ಯುರೋಪಿನಲ್ಲಿ ಈ ಒಂದು ತೊಡಕಿನ ಮೇಲೆ ವರ್ಷಗಟ್ಟಲೆ ಸಂಶೋಧನೆ ನಡೆದಿದೆ. ನೋಡಬೇಕೆಂದರೆ ತೂತು ಬೇಕು, ತೂತಿದ್ದರೆ ಭದ್ರತೆ ಇಲ್ಲ.

ಅಮಾನತ್ತನ್ನು ಹೊರಲು ಪರ್ವತಗಳೂ ಅಂಜಿದವು, ಮನುಷ್ಯ ಹೊತ್ತುಕೊಂಡ ಎಂಬ ಪ್ರಸ್ತಾಪ ಕುರ್‌ಆನಿನ ಅಹ್‌ಝಾಬ್ ಅಧ್ಯಾಯದಲ್ಲಿದೆ. ಈಗ ಮನುಷ್ಯ ತನ್ನ ಗಂಟನ್ನು ಪರ್ವತದ ಹೊಟ್ಟೆಯಲ್ಲೇ ಇಟ್ಟು ಕೈತೊಳೆಯಲು ನೋಡುತ್ತಿದ್ದಾನೆ. ಮುಚ್ಚುವುದು ತಪ್ಪೆಂದು ನಾವು ಹೇಳುವುದಿಲ್ಲ. ಮೇಲೆ ಬಿಟ್ಟುಕೊಳ್ಳುವುದು ಇನ್ನೂ ಅಪಾಯ. ಆದರೆ ಹುಟ್ಟದವರ ಒಪ್ಪಿಗೆ ಪಡೆಯಲಾಗದು ಎಂದಾದಾಗ, ಹುಟ್ಟಿದವರಿಗಾದರೂ ಸರಿಯಾದ ಲೆಕ್ಕ ಕೊಡಬೇಕು. ಗಂಟಿನಲ್ಲಿ ಏನಿದೆ, ಎಷ್ಟಿದೆ, ಇಂದು ಅಳತೆ ಎಷ್ಟು ಬಂತು ಎಂಬುದು ಅದರ ಮೇಲೆ ಬದುಕುವವರಿಗೆ ತಿಳಿಯಬೇಕು. ಅಳೆಯುವವನು ಹೂಳಿದವನ ಸಂಬಳದವನಾಗಿರಬಾರದು.

ಭಾರತದಲ್ಲಿ ಇಂಥ ಆಳದ ಶಾಶ್ವತ ಗೋದಾಮು ಇನ್ನೂ ಇಲ್ಲ. ಆದರೆ ಕೈಗಾ 2000ದಿಂದ ವಿದ್ಯುತ್ತು ಕೊಡುತ್ತಿದೆ, ಆ ಬೆಳಕಿನಲ್ಲಿ ಕೂತು ಬರೆಯುವ ನಾವೂ ಗಂಟು ಕಟ್ಟಿದವರ ಪೈಕಿಯೇ. 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯ ಕೆಲಸ ನಿಂತ ಒಂದು ಭಾಗದಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಭಾಭಾ ಅಣು ಸಂಶೋಧನಾ ಕೇಂದ್ರದವರು ಬಂಡೆಗೆ ಶಾಖ ಕೊಟ್ಟು ಅದು ಹೇಗೆ ತಾಳುತ್ತದೆ ಎಂದು ಕೆಲವು ವರ್ಷ ಪರೀಕ್ಷಿಸಿದರು. ಅಲ್ಲಿ ತ್ಯಾಜ್ಯ ಇಟ್ಟಿರಲಿಲ್ಲ, ಶಾಖವಷ್ಟೇ. 2001ರಲ್ಲಿ ಗಣಿ ಮುಚ್ಚಿತು. 2012ರಲ್ಲಿ ಕೂಡಂಕುಳಂ ಮೊಕದ್ದಮೆಯ ವೇಳೆ ತ್ಯಾಜ್ಯ ಕೋಲಾರಕ್ಕೆ ಬರಲಿದೆ ಎಂಬ ಸುದ್ದಿ ಎದ್ದು ಕೆಜಿಎಫ್‌ನ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲ ಎಂದು ಸರಕಾರದ ಕಡೆಯಿಂದ ಹೇಳಿಕೆ ಬಂತು. ಜನ ಅಷ್ಟು ಬೇಗ ಯಾಕೆ ಹೆದರಿದರು ಎಂದು ಕೇಳುವವರು ಒಮ್ಮೆ ಅಲ್ಲಿಗೆ ಹೋಗಬೇಕು. ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳು ಊರಿನ ನಡುವೆಯೇ ನಿಂತಿವೆ. ಗಾಳಿ ಎದ್ದ ದಿನ ಆ ಧೂಳು ಮನೆಯೊಳಗೆ ಬರುತ್ತದೆ.

ಆಸ್ಸೆಯ ಡ್ರಮ್ಮುಗಳನ್ನು ಹೊರತೆಗೆಯಬೇಕೆಂದು ಜರ್ಮನಿ 2013ರಲ್ಲಿ ಕಾನೂನು ಮಾಡಿತು. 2033ರಲ್ಲಿ ಆರಂಭ ಎಂದು ಯೋಜನೆ ಹೇಳಿತ್ತು. ಇಂದಿಗೂ ಒಂದು ಡ್ರಮ್ಮೂ ಮೇಲೆ ಬಂದಿಲ್ಲ, ನೀರು ಒಸರುತ್ತಲೇ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಜನ ತಮ್ಮ ಅಂಗಳಗಳಲ್ಲಿ ಹಳದಿ ಬಣ್ಣ ಬಳಿದ, ಮರದ ದೊಡ್ಡ 'ಎ' ಅಕ್ಷರ ನೆಟ್ಟಿದ್ದಾರೆ. ಅಲ್ಲಿನ ಒಂದು ನಾಗರಿಕ ಸಂಘದ ಹೆಸರು 'ಔಫ್‌ಪಾಸ್ಸೆನ್'. ಜರ್ಮನ್ ಲಿಪಿಯಲ್ಲಿ ಬರೆದರೆ ಆ ಪದದ ನಡುವೆ ಆಸ್ಸೆಯ ಹೆಸರು ಇಡಿಯಾಗಿ ಕೂತಿರುತ್ತದೆ. ಕಣ್ಣಿಟ್ಟು ನೋಡಿಕೊಳ್ಳುವುದು ಎಂದು ಆ ಪದದ ಅರ್ಥ.