ಯಂತ್ರಕ್ಕೆ ಯಾಕ್ರೀ ಪರ್ಮಿಶನ್ನು?

ವಿಕಿಪೀಡಿಯದ ಪುಟವೊಂದರಲ್ಲಿ 'ಅಧ್ಯಕ್ಶ' ಅಂತ ಇರೋದನ್ನ 'ಅಧ್ಯಕ್ಷ' ಅಂತ ತಿದ್ದೋಕೆ ನೀವು ಯಾರನ್ನೂ ಕೇಳಬೇಕಾಗಿಲ್ಲ. ತಪ್ಪು ಕಂಡರೆ ಧೈರ್ಯವಾಗಿ ತಿದ್ದಿ ಅನ್ನೋದು ಅಲ್ಲಿನ ಹಳೇ ಮಾತು. ಆದರೆ ಅದೇ ತಿದ್ದುಪಡಿಯನ್ನು ಸಾವಿರ ಪುಟಗಳಲ್ಲಿ ಮಾಡೋಕೆ ಪೈಥಾನ್‌ನಲ್ಲಿ ಹತ್ತು ಸಾಲು ಬರೆದಿರೋ, ಕಥೆಯೇ ಬೇರೆ. ಅರ್ಜಿ ಹಾಕಬೇಕು, ಕಾಯಬೇಕು, ಪ್ರಶ್ನೆಗಳಿಗೆ ಉತ್ತರ ಕೊಡಬೇಕು.

ಹಗಲಿಡೀ ಆಫೀಸಲ್ಲಿ ಅಪ್ರೂವಲ್‌ಗಾಗಿ ಕಾದು ಕಾದು ಸುಸ್ತಾದವರಿಗೆ ಇದು ಕೇಳಿದರೇ ಮೈ ಉರಿಯುತ್ತೆ. ಪುಕ್ಕಟೆ ಸೇವೆಗೂ ಟಿಕೆಟ್ ರೈಸ್ ಮಾಡ್ಬೇಕಾ? ಒಂದು ಸಲ ಮಾಡಿದರೆ ಒಳ್ಳೆಯದಾದ ಕೆಲಸ ಸಾವಿರ ಸಲ ಮಾಡಿದರೆ ಕೆಟ್ಟದ್ದು ಹೇಗಾಗುತ್ತೆ?

ನನಗೆ ಇದು ಬರೀ ಟೆಕ್ನಿಕಲ್ ಪ್ರಶ್ನೆ ಅನ್ನಿಸೋದಿಲ್ಲ. ನೀತಿಯ ಪ್ರಶ್ನೆ ಅನ್ನಿಸುತ್ತೆ.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಬಾಟ್ ಅಪ್ರೂವಲ್ಸ್ ಗ್ರೂಪ್ ಅಂತ ಸ್ವಯಂಸೇವಕರ ಒಂದು ಗುಂಪಿದೆ. ಬಾಟ್ ಏನು ಮಾಡುತ್ತೆ, ಎಷ್ಟು ಪುಟ ಮುಟ್ಟುತ್ತೆ, ತಾನಾಗೇ ಓಡುತ್ತೋ ಅಥವಾ ಯಾರಾದರೂ ಕೂತು ನೋಡ್ತಿರ್ತಾರೋ, ಈ ಕೆಲಸ ಬೇಕು ಅಂತ ಮೊದಲೇ ಎಲ್ಲಿ ಚರ್ಚೆಯಾಗಿದೆ ಎಂದೆಲ್ಲ ಅವರು ಕೇಳುತ್ತಾರೆ. ಬಾಟ್‌ಗೆ ಪ್ರತ್ಯೇಕ ಖಾತೆ ಬೇಕು. ಆಮೇಲೆ ಐವತ್ತೋ ನೂರೋ ಎಡಿಟ್‌ಗಳ ಟ್ರಯಲ್. ಅದನ್ನು ಜನ ಪರಿಶೀಲಿಸಿ ಸರಿ ಅಂದ ಮೇಲೇ ಪೂರ್ತಿ ಒಪ್ಪಿಗೆ. ಒಪ್ಪಿಗೆ ಸಿಕ್ಕ ಮೇಲೂ ತುರ್ತಿಲ್ಲದ ಕೆಲಸವಾದರೆ ಸುಮಾರು ಹತ್ತು ಸೆಕೆಂಡಿಗೆ ಒಂದು ಎಡಿಟ್ ಸಾಕು ಅನ್ನುತ್ತೆ ಅಲ್ಲಿನ ನಿಯಮ. ಇನ್ನೂ ಜೋರಾಗಿ ಓಡಬಲ್ಲ ಯಂತ್ರಕ್ಕೆ 'ಮೆಲ್ಲಗೆ ನಡಿಯಪ್ಪಾ' ಅಂತ ಹೇಳಿದ ಹಾಗೆ.

ಆ ಹತ್ತು ಸೆಕೆಂಡಿನ ಲೆಕ್ಕ ಹಾಕಿ. ದಿನಕ್ಕೆ 8,640 ಎಡಿಟ್. ಇಷ್ಟನ್ನು ಯಾರು ಓದಿ ನೋಡ್ತಾರೆ?

ನನ್ನ ಪ್ರಕಾರ ಉತ್ತರ ಇಲ್ಲೇ ಇದೆ. ನಾನು ಕೈಯಾರೆ ಒಂದು ಪುಟ ತಿದ್ದಿದಾಗ ನನ್ನ ಶ್ರಮ, ಅದನ್ನು ಪರೀಕ್ಷಿಸುವ ನಿಮ್ಮ ಶ್ರಮ ಹೆಚ್ಚುಕಡಿಮೆ ಸಮ. ನಾನು ಎರಡು ನಿಮಿಷ ಕೊಟ್ಟೆ, ನೀವೂ ಎರಡು ನಿಮಿಷ ಕೊಟ್ಟಿರಿ. ಬಾಟ್ ಬಂದ ಕೂಡಲೇ ಈ ಸಮತೋಲ ಮುರಿಯುತ್ತೆ. ನಾನು ಒಂದು ಸಂಜೆ ಕೋಡ್ ಬರೆದು ಮಲಗ್ತೀನಿ, ಬೆಳಿಗ್ಗೆ ನಿಮ್ಮ ಮುಂದೆ ತಿಂಗಳುಗಟ್ಟಲೆ ಕೆಲಸ ಬಿದ್ದಿರುತ್ತೆ. ಸಾಲದ್ದಕ್ಕೆ, ಬಾಟ್ ಗುರುತು ಸಿಕ್ಕ ಖಾತೆಯ ಎಡಿಟ್‌ಗಳು 'ಇತ್ತೀಚಿನ ಬದಲಾವಣೆಗಳು' ಪಟ್ಟಿಯಲ್ಲಿ ತಾವಾಗಿ ಕಾಣೋದೂ ಇಲ್ಲ. ಅಂದರೆ ಆ ಗುರುತು ಕೊಡೋದು ಅಂದರೆ 'ನಿನ್ನನ್ನು ದಿನಾ ನೋಡ್ತಾ ಕೂರಲ್ಲ, ನಂಬ್ತೀವಿ' ಅಂತ ಹೇಳಿದ ಹಾಗೆ. ಅಷ್ಟು ದೊಡ್ಡ ನಂಬಿಕೆಯನ್ನು ಕೇಳಿ ಪಡೆಯಬೇಕೇ ಹೊರತು ತೆಗೆದುಕೊಂಡುಬಿಡೋದಲ್ಲ.

'ತಪ್ಪಾದರೆ ರಿವರ್ಟ್ ಮಾಡಿದರಾಯ್ತಲ್ಲ' ಅನ್ನೋರಿದ್ದಾರೆ. ಸರಿ, ಒಂದು ಉದಾಹರಣೆ ತಗೊಳ್ಳಿ. ಹಳಗನ್ನಡದಲ್ಲಿ ಱ, ೞ ಅಂತ ಎರಡು ಅಕ್ಷರಗಳಿದ್ದವು, ಇವತ್ತಿನ ಬರವಣಿಗೆಯಲ್ಲಿ ಇಲ್ಲ. 'ಬಳಕೆಯಲ್ಲಿಲ್ಲದ ಅಕ್ಷರ ಕಂಡರೆ ರ, ಳ ಮಾಡು' ಅಂತ ಒಬ್ಬರು ಒಳ್ಳೆ ಮನಸ್ಸಿನಿಂದಲೇ ಬಾಟ್ ಬರೆದರು ಅಂತಿಟ್ಟುಕೊಳ್ಳಿ. ಪಂಪನ ಪದ್ಯ, ಶಾಸನದ ಪಾಠ ಎಲ್ಲ ಒಂದೇ ರಾತ್ರಿಯಲ್ಲಿ 'ಶುದ್ಧ'ವಾಗಿಬಿಡುತ್ತೆ! ಬಾಟ್‌ಗೆ ಅದು ತಪ್ಪು ಅಂತ ಗೊತ್ತಾಗೋದಿಲ್ಲ, ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ಶಾಸನ ಓದಬಲ್ಲ ಒಬ್ಬರೇ ಒಬ್ಬರು ಟ್ರಯಲ್ ಹೊತ್ತಿಗೆ ನೋಡಿದ್ದರೆ ಸಾಕಿತ್ತು, ಮೂರನೇ ಎಡಿಟ್‌ಗೇ ಹಿಡಿದಿರೋರು. ಅಪ್ಪಣೆ ಕೇಳೋದು ಅಂದರೆ ನನಗೆ ಗೊತ್ತಿಲ್ಲದ್ದು ಇನ್ನೊಬ್ಬರಿಗೆ ಗೊತ್ತಿರಬಹುದು ಅನ್ನೋದಕ್ಕೆ ಜಾಗ ಬಿಡೋದು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾನು ಸಮಿತಿಗಳ ವಕೀಲನಾಗ್ತೀನಿ. ಕಷ್ಟ ಇರೋದು ಚಿಕ್ಕ ವಿಕಿಗಳಲ್ಲಿ. ಕನ್ನಡ ವಿಕಿಪೀಡಿಯದ ಸಮುದಾಯ ಚರ್ಚೆಯ ಪುಟಕ್ಕೆ 'ಅರಳಿ ಕಟ್ಟೆ' ಅಂತ ಚೆಂದದ ಹೆಸರಿದೆ. ಚಿಕ್ಕ ಊರಿನ ಕಟ್ಟೆಯಲ್ಲಿ ನೀವು ಪ್ರಶ್ನೆ ಇಟ್ಟು ಕಾದರೂ ಯಾರೂ ಮಾತಾಡದೇ ಇರಬಹುದು. ಮೌನಂ ಸಮ್ಮತಿ ಲಕ್ಷಣಂ ಅನ್ನೋಣವೇ? ಅಥವಾ ಯಾರೋ ಬರೋವರೆಗೂ ಕೊಂಡಿ ಸತ್ತ ಪುಟಗಳನ್ನು ಹಾಗೇ ಬಿಡೋಣವೇ?

ಚಿಕ್ಕ ವಿಕಿಯಲ್ಲಿ ಬಾಟ್ ಜೋರಾಗಿ ಓಡಿದರೆ ಏನಾಗುತ್ತೆ ಅನ್ನೋದಕ್ಕೆ ಫಿಲಿಪ್ಪೀನ್ಸ್‌ನ ಸೆಬುವಾನೊ ಭಾಷೆಯ ವಿಕಿಪೀಡಿಯ ನೋಡಿ. ಲೇಖನಗಳ ಸಂಖ್ಯೆಯಲ್ಲಿ ಅದು ಇಂಗ್ಲಿಷ್ ನಂತರದ ಸ್ಥಾನಕ್ಕೇರಿದೆ. ಬಹುಪಾಲು ಬರೆದದ್ದು ಸ್ವೀಡನ್ನಿನವರೊಬ್ಬರು ಮಾಡಿದ ಎಲ್‌ಎಸ್‌ಜೆಬಾಟ್. ಲಕ್ಷಗಟ್ಟಲೆ ಲೇಖನ ಇವೆ, ಅವನ್ನು ತಿದ್ದಿ ಕಾಪಾಡೋ ಕೈಗಳು ಬೆರಳೆಣಿಕೆಯಷ್ಟು. ಭಾಷೆ ಬೆಳೆಯಿತು ಅನ್ನಬೇಕೋ, ಮನೆಯವರಿಗಿಂತ ಸಾಮಾನು ಜಾಸ್ತಿಯಾಯಿತು ಅನ್ನಬೇಕೋ?

ಹಾಗಾಗಿ ನನ್ನ ನಿಲುವು ಇಷ್ಟು. ಕಟ್ಟೆಯಲ್ಲಿ ಯಾರೂ ಮಾತಾಡದಿದ್ದರೆ ಕೆಲಸ ಬಿಡಬೇಕಾಗಿಲ್ಲ, ಆದರೆ ಜವಾಬ್ದಾರಿ ಇಮ್ಮಡಿಯಾಯಿತು ಅಂತ ತಿಳೀಬೇಕು. ಇನ್ನೂ ನಿಧಾನ ಓಡಿಸಿ. ಹತ್ತು ಪುಟ ಮಾಡಿ, ನೀವೇ ಕೂತು ಓದಿ. ಆ ಪುಟಗಳನ್ನು ಬರೆದವರ ಚರ್ಚೆ ಪುಟಕ್ಕೇ ಹೋಗಿ ಕೇಳಿ. ಯಾರಾದರೂ 'ನಿಲ್ಲಿಸಿ' ಅಂದ ಕೂಡಲೇ ನಿಲ್ಲುವ ಹಾಗೆ ಕೋಡ್ ಬರೀರಿ. ವಾದ ಆಮೇಲೆ ಮಾಡಬಹುದು.

ಇವತ್ತು ನಮ್ಮಲ್ಲಿ ಯಾರು ಬೇಕಾದರೂ ಎಐಗೆ ನಾಲ್ಕು ಮಾತು ಹೇಳಿ ಇಂಥ ಬಾಟ್ ಬರೆಸಬಹುದು. ಒಬ್ಬರ ಒಂದು ಸಂಜೆಯ ಹುಮ್ಮಸ್ಸು ಸಾವಿರಾರು ಜನರ ವರ್ಷಗಳ ಕೆಲಸವನ್ನು ಮುಟ್ಟಬಲ್ಲದು. ಅಪ್ಪಣೆ ಕೇಳಬೇಕಾದದ್ದು ಯಂತ್ರ ಅಲ್ಲ, ಅದನ್ನು ಓಡಿಸೋ ನಾವು. ಕೇಳಬೇಕಾದದ್ದು ಆ ಪುಟಗಳನ್ನು ಒಂದೊಂದಾಗಿ, ಕೈಯಾರೆ ಟೈಪ್ ಮಾಡಿದವರನ್ನು.